ದೇವಣಿಯ ಗಂಟು ಕಾಸರಗೋಡಿಗೇಕೆ ಬರಬೇಕು?
ಸರ್ವರಿನಿಂದ ಸರ್ವರಿಗೆ ನೇರ ರವಾನೆಯ ವಿಚಾರ

1956ನೇ ಇಸವಿ ನವೆಂಬರ್ 1 ಎಂದರೆ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾದ ದಿನವಲ್ಲ. ಅದೇ ದಿನ ನಮ್ಮಿಂದ ಬಹುದೂರದ ಇನ್ನೊಂದು ಗಡಿಯಲ್ಲಿ, ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಿಂದ ಉದಗೀರ, ನಿಲಂಗಾ, ಅಹಮದಪುರ ಎಂಬ ಮೂರು ತಾಲೂಕುಗಳು ಬೇರ್ಪಟ್ಟು ಆಗಿನ ಮುಂಬಯಿ ರಾಜ್ಯಕ್ಕೆ ಸೇರಿದವು. 1960ರಲ್ಲಿ ಮಹಾರಾಷ್ಟ್ರ ಉದಯವಾದಾಗ ಅದರೊಳಗೇ ಉಳಿದವು. ಆ ಸೀಮೆಯಲ್ಲಿ ದೇವಣಿ ಎಂಬ ಊರಿದೆ. ದನ ಸಾಕುವವರು ಈ ಹೆಸರನ್ನು ಕೇಳಿಯೇ ಇರುತ್ತಾರೆ. ಉಳುಮೆಗೂ ಹಾಲಿಗೂ ಆಗುವ ಹೆಸರಾಂತ ದೇವಣಿ ತಳಿಯ ತವರು ಅದೇ. ಈಗ ಅದು ಲಾತೂರು ಜಿಲ್ಲೆಯ ಒಂದು ತಾಲೂಕು ಕೇಂದ್ರ; ಗಡಿ ದಾಟಿದರೆ ನಮ್ಮ ಬೀದರ್ ಜಿಲ್ಲೆಯ ಭಾಲ್ಕಿಯ ಸೀಮೆ. ದೇವಣಿ, ನಿಲಂಗಾ, ಉಮರ್ಗಾ ಕಡೆಯ ಕನ್ನಡ ಮನೆಗಳಲ್ಲಿ ಅಡಿಗೆಮನೆಯ ಮಾತು ಕನ್ನಡ, ಬೀದಿಯ ಮಾತೂ ಕಚೇರಿಯ ಕಾಗದವೂ ಮರಾಠಿ. ನಮ್ಮಲ್ಲಿ ಮಲಯಾಳ ಇರುವ ಜಾಗದಲ್ಲಿ ಅಲ್ಲಿ ಮರಾಠಿಯನ್ನು ಇಟ್ಟುಕೊಂಡರೆ ಮಿಕ್ಕದ್ದನ್ನು ನಾವು ಊಹಿಸಿಕೊಳ್ಳಬಹುದು.

ಇಂತಹ ಊರಿನ ಕನ್ನಡಿಗನಿಗೆ ಕನ್ನಡ ಪುಸ್ತಕ ಎಲ್ಲಿ ಸಿಗಬೇಕು? ಹಿಂದೆ ಬೀದರಿಗೋ ಕಲಬುರಗಿಗೋ ಹೋಗಬೇಕಿತ್ತು. ಈಗ ಕೈಯಲ್ಲಿ ಮೊಬೈಲು ಇದ್ದರೆ ಮನೆಯ ಜಗಲಿಯಲ್ಲೇ ಸಿಗುತ್ತದೆ. ಆದರೆ ಹೀಗೆ ಸಿಗುವುದರ ಹಿಂದೆ ಒಂದು ಸಾಗಾಟದ ಕಥೆಯಿದೆ. ಇಂದು ನಾವು ಬರೆಯಹೊರಟಿರುವುದು ಆ ಸಾಗಾಟದ ಬಗ್ಗೆ, ಮತ್ತು ಅದೇ ಸಾಗಾಟವನ್ನು ಸಣ್ಣ ಪ್ರಮಾಣದಲ್ಲಿ ನಮ್ಮ ನಿಮ್ಮಂಥವರು ಹೇಗೆ ಮಾಡಬೇಕೆಂಬುದರ ಬಗ್ಗೆ.

ಬಾಗಿಲು ಮುಚ್ಚಿದ ಪುಸ್ತಕ ಭಂಡಾರ

1948ರ ವರೆಗೆ ದೇವಣಿಯೂ ಉಮರ್ಗಾವೂ ನಿಜಾಮನ ಆಳ್ವಿಕೆಯಲ್ಲಿದ್ದವು. ಆ ಸಂಸ್ಥಾನದ ವಿದ್ಯಾಕೇಂದ್ರ 1918ರಲ್ಲಿ ಆರಂಭವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ. ಅಲ್ಲಿ ಉರ್ದು ದೊಡ್ಡ ಭಾಷೆಯಾಗಿದ್ದರೂ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳೂ ಕೂಡಿಬಂದವು. ಈ ಶತಮಾನದ ಮೊದಲ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಮೊದಲಾದವರ ಮುಂದಾಳುತನದಲ್ಲಿ ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ದೊಡ್ಡ ಕೆಲಸ ನಡೆಯಿತಷ್ಟೆ. ಅದರ ಭಾರತದ ಭಾಗವೇ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’. ದೇಶದ ಹಲವು ಕೇಂದ್ರಗಳಲ್ಲಿ ಹಳೆಯ ಪುಸ್ತಕಗಳ ಪುಟಪುಟವನ್ನೂ ಚಿತ್ರ ತೆಗೆದು ಸರ್ವರುಗಳಲ್ಲಿ ಇರಿಸಿದರು. ಉಸ್ಮಾನಿಯಾದ ಕನ್ನಡ ಪುಸ್ತಕಗಳೂ ಹೀಗೆ ಬೆಳಕಿಗೆ ಬಂದವು.

ಅದನ್ನು ಬಳಸಿದವರಿಗೆ ಅದರ ಪಾಡು ಗೊತ್ತು. ಒಂದೊಂದು ಪುಟವೂ ಒಂದೊಂದು ಬೇರೆ ಫೈಲು. ಮುನ್ನೂರು ಪುಟದ ಕಾದಂಬರಿ ಬೇಕೆಂದರೆ ಮುನ್ನೂರು ಸಲ ಇಳಿಸಿಕೊಳ್ಳಬೇಕು. ಸರ್ವರು ಇವತ್ತು ಇದ್ದರೆ ನಾಳೆ ಇಲ್ಲ. ಕೊನೆಗೆ 2017ರ ಸುಮಾರಿಗೆ, ಹಕ್ಕುಸ್ವಾಮ್ಯದ ತಕರಾರು ಎದ್ದು, ಆ ಭಂಡಾರದ ಬಾಗಿಲೇ ಸಾರ್ವಜನಿಕರಿಗೆ ಮುಚ್ಚಿತು.

ಬಾಗಿಲು ಮುಚ್ಚುವ ಮೊದಲೇ ಒಬ್ಬರು ಕೆಲಸ ಮಾಡಿಟ್ಟಿದ್ದರು. ಅಮೆರಿಕದ ಕಾರ್ಲ್ ಮಲಮುಡ್ ಎಂಬವರು ಅಲ್ಲಿನ ಪುಸ್ತಕಗಳನ್ನು ಪ್ರತಿಮಾಡಿ ‘ಇಂಟರ್ನೆಟ್ ಆರ್ಕೈವ್’ ಎಂಬ ಸಂಸ್ಥೆಯ ಸರ್ವರುಗಳಲ್ಲಿ ಇರಿಸಿದರು. ಆ ಸಂಸ್ಥೆ 1996ರಲ್ಲಿ ಬ್ರೂಸ್ಟರ್ ಕೇಲ್ ಅವರು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆರಂಭಿಸಿದ್ದು. ಹೀಗೆ ದಾಟಿದ ಪುಸ್ತಕಗಳು ನಾಲ್ಕು ಲಕ್ಷಕ್ಕೂ ಹೆಚ್ಚು. ಇಂದು ದೇವಣಿಯ ಹುಡುಗನೊಬ್ಬ ಅಜ್ಜನ ಕಾಲದ ಕನ್ನಡ ಪುಸ್ತಕವನ್ನು ತೆರೆದು ಓದುತ್ತಿದ್ದರೆ, ಅದು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಕಾಲದಲ್ಲಿ ದಾಟಿದ್ದರಿಂದ. ಹಕ್ಕುಸ್ವಾಮ್ಯದ ಪ್ರಶ್ನೆ ಸಣ್ಣದೆಂದು ನಾವು ಹೇಳುವುದಿಲ್ಲ. ಬರೆದವನ ಹಕ್ಕು ಬರೆದವನಿಗೆ ಇರಲೇಬೇಕು. ಆದರೆ ಹಕ್ಕು ತೀರಿ ಎಷ್ಟೋ ವರ್ಷವಾದ ಪುಸ್ತಕಗಳೂ ಅದೇ ಕತ್ತಲೆಗೆ ಬೀಳಬೇಕಾಗಿರಲಿಲ್ಲ.

ಸರ್ವಿಸ್ ಬುಕ್ಕಿನ ನ್ಯಾಯ

ಈಗ ನಮ್ಮ ಮಟ್ಟಕ್ಕೆ ಬರೋಣ. ದೇವಣಿಯಲ್ಲಿ ಒಂದು ಕನ್ನಡ ಮನೆತನವಿದೆಯೆಂದು ಇಟ್ಟುಕೊಳ್ಳಿ. ಅಜ್ಜನ ಭಜನೆಯ ಪುಸ್ತಕ, ಮೋಡಿ ಲಿಪಿಯ ಲೆಕ್ಕದ ವಹಿ, ಮುತ್ತಜ್ಜಿ ಹಾಡಿದ ಬೀಸುವ ಪದಗಳ ಧ್ವನಿಮುದ್ರಣ, ಮದುವೆಯ ಚಿತ್ರಗಳು ಎಲ್ಲವನ್ನೂ ಸ್ಕ್ಯಾನ್ ಮಾಡಿ, ಪುಣೆಯಲ್ಲಿ ಕೆಲಸದಲ್ಲಿರುವ ಮಗ ಒಂದು ಹೋಸ್ಟಿಂಗ್ ಕಂಪೆನಿಯಲ್ಲಿ ವರ್ಷಕ್ಕಿಷ್ಟೆಂದು ಬಾಡಿಗೆ ಕೊಟ್ಟು ಇಟ್ಟಿದ್ದಾನೆ. ಒಟ್ಟು 100 ಜಿ.ಬಿ. ಆಯಿತು. ಎರಡನೆಯ ವರ್ಷ ಬಾಡಿಗೆ ಏರಿತು; ಬೇರೆ ಕಡೆಗೆ ಸಾಗಿಸಬೇಕು; ಗಡುವಿಗೆ ಹತ್ತು ದಿನವಿದೆ. ಹೆಸರು ದೇವಣಿಯದ್ದಾದರೂ ಇಂತಹ ಮನೆಗಳು ಮಂಜೇಶ್ವರದಲ್ಲೂ ಇವೆ, ಬದಿಯಡ್ಕದಲ್ಲೂ ಇವೆ.

ಹೆಚ್ಚಿನವರು ಮಾಡುವುದೇನು? ಎಲ್ಲವನ್ನೂ ಮನೆಯ ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಹೊಸ ಸರ್ವರಿಗೆ ಏರಿಸುತ್ತಾರೆ. ಲೆಕ್ಕ ಹಾಕೋಣ, ಲೆಕ್ಕ ಮೇಷ್ಟ್ರುಗಳಿಗೆ ಅಂಟಿದ ಚಾಳಿ. 100 ಜಿ.ಬಿ. ಎಂದರೆ 8 ಲಕ್ಷ ಮೆಗಾಬಿಟ್. ಇಳಿಸುವ ವೇಗ ಸೆಕೆಂಡಿಗೆ 40 ಮೆಗಾಬಿಟ್ ಇದ್ದರೆ 20,000 ಸೆಕೆಂಡು, ಅಂದರೆ ಐದೂವರೆ ಗಂಟೆ. ಏರಿಸುವ ವೇಗ ಹಲವು ಮನೆಗಳಲ್ಲಿ ಅದಕ್ಕಿಂತ ಕಡಿಮೆ. 10 ಮೆಗಾಬಿಟ್ ಎಂದು ಹಿಡಿದರೆ 80,000 ಸೆಕೆಂಡು, ಇಪ್ಪತ್ತೆರಡು ಗಂಟೆಗೂ ಮೇಲೆ. ಎರಡೂ ಸೇರಿ ಒಂದು ದಿನವೂ ಮೇಲೆ ನಾಲ್ಕು ಗಂಟೆಯೂ. ನಡುವೆ ಕರೆಂಟು ಹೋಗಬಾರದು, ಮಳೆ ಬರಬಾರದು, ತಂತಿಯ ಮೇಲೆ ತೆಂಗಿನ ಮಡಲು ಬೀಳಬಾರದು. ಅದೇ ಎರಡು ಸರ್ವರುಗಳು ತಮ್ಮತಮ್ಮೊಳಗೆ ಸೆಕೆಂಡಿಗೆ 200 ಮೆಗಾಬಿಟ್ ವೇಗದಲ್ಲಿ ಮಾತಾಡಿಕೊಂಡರೂ ಸಾಕು, 4,000 ಸೆಕೆಂಡಿನಲ್ಲಿ ಕೆಲಸ ತೀರಿತು. ಒಂದು ಗಂಟೆ ಏಳು ನಿಮಿಷ!

ಬೀದರಿನಿಂದ ಲಾತೂರಿಗೆ ಒಂದು ಗಂಟು ಹೋಗಬೇಕಾದರೆ ಭಾಲ್ಕಿ, ಉದಗೀರದ ಮೇಲೆ ರೈಲಿದೆ. ಗಂಟಿನ ಯಜಮಾನ ಕಾಸರಗೋಡಿನಲ್ಲಿದ್ದಾನೆಂದು ಅದನ್ನು ಇಲ್ಲಿಗೆ ತರಿಸಿ, ಮುಟ್ಟಿ ನೋಡಿ, ಮತ್ತೆ ಲಾತೂರಿಗೆ ಕಳಿಸುವವರುಂಟೇ?

ಅಧ್ಯಾಪಕರಾದ ನಮಗೆ ಇನ್ನೂ ಹತ್ತಿರದ ಉದಾಹರಣೆ ಸರ್ವಿಸ್ ಬುಕ್ಕು. ವರ್ಗವಾದಾಗ ನಮ್ಮ ಸರ್ವಿಸ್ ಬುಕ್ಕು ಹಳೆಯ ಕಚೇರಿಯಿಂದ ಹೊಸ ಕಚೇರಿಗೆ ನೇರವಾಗಿ ಹೋಗುತ್ತದೆ. ಅದನ್ನು ನಾವು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುವುದಿಲ್ಲ. ಅತ್ತ ಒಂದು ಅರ್ಜಿ, ಇತ್ತ ಒಂದು ಹಾಜರಿ ವರದಿ, ಅಷ್ಟೇ ನಮ್ಮ ಪಾಲು. ಆಜ್ಞೆ ನಮ್ಮ ಮೂಲಕ, ಸರಕು ಅವರವರೊಳಗೆ.

ಆಶ್ಚರ್ಯವೆಂದರೆ, ಜಾಲದಲ್ಲಿ ಫೈಲು ಸಾಗಿಸುವ ನಿಯಮ ಹುಟ್ಟಿದ ಕಾಲದಲ್ಲಿಯೇ ಈ ನ್ಯಾಯಕ್ಕೆ ಜಾಗವಿತ್ತು. ಆ ನಿಯಮಕ್ಕೆ ಎಫ್‌ಟಿಪಿ ಎಂದು ಹೆಸರು. 1971ರ ಏಪ್ರಿಲ್‌ನಲ್ಲಿ ಅದರ ಮೊದಲ ಕರಡನ್ನು ಬರೆದವರು ಅಭಯ್ ಭೂಷಣ್, ಕಾನ್ಪುರದ ಐಐಟಿಯ ಮೊದಲ ತಂಡದ ವಿದ್ಯಾರ್ಥಿ, ಆಗ ಅಮೆರಿಕದ ಎಂಐಟಿಯಲ್ಲಿದ್ದವರು. 1985ರ ಅಕ್ಟೋಬರಿನಲ್ಲಿ ಪೋಸ್ಟೆಲ್ ಮತ್ತು ರೆನಾಲ್ಡ್ಸ್ ಸೇರಿ ಅದನ್ನು ತಿದ್ದಿ ಬರೆದ ಪಾಠದಲ್ಲಿ, ಬಳಕೆದಾರನು ತನ್ನ ಮನೆಯಲ್ಲೇ ಕುಳಿತು ಎರಡು ಸರ್ವರುಗಳಿಗೆ ಆಜ್ಞೆಯ ದಾರಿಯನ್ನು ಮಾತ್ರ ತೆರೆದು, ಸರಕಿನ ದಾರಿಯನ್ನು ಆ ಎರಡರ ನಡುವೆ ಹೂಡಬಹುದೆಂದು ವಿವರವಾಗಿ ಹೇಳಿದೆ. ಒಂದು ಸರ್ವರಿಗೆ ‘ನಿನ್ನ ಬಾಗಿಲಲ್ಲಿ ಕಾದು ನಿಲ್ಲು, ಬಾಗಿಲ ಸಂಖ್ಯೆ ಹೇಳು’ ಎನ್ನುವುದು; ಇನ್ನೊಂದಕ್ಕೆ ‘ಆ ಸಂಖ್ಯೆಯ ಬಾಗಿಲಿಗೆ ಹೋಗಿ ಕೊಡು’ ಎನ್ನುವುದು. ಇದಕ್ಕೆ ಎಫ್‌ಎಕ್ಸ್‌ಪಿ ಎಂಬ ಹೆಸರು ಬಿದ್ದಿತು.

ಇಷ್ಟು ಒಳ್ಳೆಯ ಏರ್ಪಾಡು ಈಗ ಹೆಚ್ಚಿನ ಕಂಪೆನಿಗಳಲ್ಲಿ ನಡೆಯುವುದಿಲ್ಲ. ಕಾರಣ, ಯಾರು ಬೇಕಾದರೂ ಒಂದು ಸರ್ವರಿಗೆ ‘ಇಂತಹವನ ಬಾಗಿಲು ತಟ್ಟು’ ಎಂದು ಹೇಳಿ, ತಾನು ಮರೆಯಲ್ಲಿ ನಿಂತು ಬೇರೆಯವರ ಮನೆಯ ಬಾಗಿಲುಗಳನ್ನು ಪರೀಕ್ಷಿಸಬಹುದೆಂದು ತೊಂಬತ್ತರ ದಶಕದಲ್ಲಿ ತಿಳಿದುಬಂತು. ಕಳ್ಳರ ಕಾಟಕ್ಕೆ ಕಾಲುದಾರಿಯನ್ನೇ ಮುಳ್ಳುಹಾಕಿ ಮುಚ್ಚಿದ ಹಾಗೆ, ಕಂಪೆನಿಗಳು ಈ ಸೌಕರ್ಯವನ್ನು ಮುಚ್ಚಿದವು. ಮುಚ್ಚಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಎಫ್‌ಟಿಪಿಯಲ್ಲಿ ಗುಪ್ತಪದವೂ ಮುಚ್ಚಳವಿಲ್ಲದ ಕಾರ್ಡಿನಂತೆ ಎಲ್ಲರ ಕಣ್ಣೆದುರು ಹೋಗುತ್ತದೆ.

ಈಗಿನ ದಾರಿ

ಈಗಿನ ಕ್ರಮ ಇನ್ನೂ ಸರಳ. ಹೊಸ ಸರ್ವರಿನ ಒಳಗೇ ಹೋಗಿ ಕುಳಿತು, ಅಲ್ಲಿಂದ ಹಳೆಯದರ ಸರಕನ್ನು ಎಳೆದುಕೊಳ್ಳುವುದು. ಒಳಗೆ ಹೋಗುವ ಭದ್ರವಾದ ದಾರಿಗೆ ಎಸ್‌ಎಸ್‌ಎಚ್ ಎಂದು ಹೆಸರು. ಫಿನ್ಲೆಂಡಿನ ತಾತು ಯ್ಲೋನೆನ್ 1995ರಲ್ಲಿ ರೂಪಿಸಿದ್ದು. ಹೋಸ್ಟಿಂಗ್ ಕೊಳ್ಳುವಾಗಲೇ ‘ಎಸ್‌ಎಸ್‌ಎಚ್ ಕೊಡುತ್ತೀರಾ?’ ಎಂದು ಕೇಳಿಬಿಡಬೇಕು. ಕೊಡುವುದಿಲ್ಲವೆಂದರೆ, ಅಗ್ಗವೆಂದು ಕೊಳ್ಳುವ ಮೊದಲು ಎರಡು ಸಲ ಯೋಚಿಸಬೇಕು.

ಒಳಗೆ ಹೋದ ಮೇಲೆ ಎಳೆಯುವ ಕೆಲಸಕ್ಕೆ ಎರಡು ಉಪಕರಣಗಳು ಸಾಕು. ಒಂದೇ ಒಂದು ದೊಡ್ಡ ಕಟ್ಟು ಇದ್ದರೆ ‘ಡಬ್ಲ್ಯು-ಗೆಟ್’. ಅರ್ಧದಲ್ಲಿ ತುಂಡಾದರೆ ಮತ್ತೆ ಮೊದಲಿನಿಂದ ತರದೆ, ಬಿಟ್ಟಲ್ಲಿಂದ ಮುಂದುವರಿಸುವಂತೆ ಅದಕ್ಕೆ ಹೇಳಬಹುದು. ಸಾವಿರಾರು ಫೈಲುಗಳಿದ್ದರೆ ‘ಆರ್-ಸಿಂಕ್’. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಇದನ್ನು ಹೊರತಂದರು. ಇದರ ಗುಣವೇನೆಂದರೆ, ಎರಡು ಕಡೆಯ ಸರಕನ್ನು ಹೋಲಿಸಿ ನೋಡಿ, ಇಲ್ಲದ್ದನ್ನು ಮತ್ತು ಬದಲಾದದ್ದನ್ನು ಮಾತ್ರ ತರುತ್ತದೆ. ಇಂದು ತಂದು, ಗಡುವಿನ ಹಿಂದಿನ ದಿನ ಇನ್ನೊಮ್ಮೆ ಅದೇ ಆಜ್ಞೆ ಕೊಟ್ಟರೆ, ನಡುವೆ ಸೇರಿದ ನಾಲ್ಕು ಚಿತ್ರಗಳನ್ನಷ್ಟೇ ತಂದು ಸುಮ್ಮನಾಗುತ್ತದೆ. ಕೆಲಸ ಶುರುಮಾಡಿ ನಮ್ಮ ಕಂಪ್ಯೂಟರನ್ನು ಮುಚ್ಚಿದರೂ ಅಲ್ಲಿ ಕೆಲಸ ನಿಲ್ಲದಂತೆ ‘ಸ್ಕ್ರೀನ್’ ಎಂಬ ಇನ್ನೊಂದು ಉಪಕರಣದೊಳಗೆ ಅದನ್ನು ಓಡಿಸುವುದು ರೂಢಿ.

ಎಸ್‌ಎಸ್‌ಎಚ್ ಇಲ್ಲದಿದ್ದರೂ ತೀರ ದಾರಿ ಮುಚ್ಚಿಲ್ಲ. ಹಲವು ಕಂಪೆನಿಗಳು ಕೊಡುವ ಸಿ-ಪ್ಯಾನೆಲ್ ಎಂಬ ಆಡಳಿತ ಪುಟದಲ್ಲಿ ಪೂರ್ಣ ಬ್ಯಾಕಪ್ ಮಾಡುವಾಗ, ಆ ಕಟ್ಟನ್ನು ನೇರವಾಗಿ ಬೇರೊಂದು ಸರ್ವರಿಗೆ ಕಳಿಸುವ ಆಯ್ಕೆಯೂ ಇರುತ್ತದೆ. ಸ್ವಂತ ಹೋಸ್ಟಿಂಗ್ ಇಲ್ಲದೆ ಎಲ್ಲವನ್ನೂ ಗೂಗಲ್ಲಿನಲ್ಲಿ ಇಟ್ಟಿರುವ ಮನೆಗಳೇ ನಮ್ಮಲ್ಲಿ ಹೆಚ್ಚಲ್ಲವೇ? ಅವರಿಗೆ ‘ಗೂಗಲ್ ಟೇಕ್‌ಔಟ್’ ಇದೆ. ಅದರಲ್ಲಿ ಕಟ್ಟನ್ನು ಮನೆಗೆ ಇಳಿಸದೆ ನೇರವಾಗಿ ಡ್ರಾಪ್‌ಬಾಕ್ಸಿಗೋ ಮೈಕ್ರೋಸಾಫ್ಟಿನ ಒನ್‌ಡ್ರೈವಿಗೋ ಹಾಕಿಸಬಹುದು. ಅಲ್ಲಿ ಅಷ್ಟು ಜಾಗ ಇದೆಯೇ ಎಂದು ಮೊದಲು ನೋಡಿಕೊಂಡರಾಯಿತು.

ಕಟ್ಟಿನ ವಿಷಯ ಬಂದದ್ದರಿಂದ ಒಂದು ಮಾತು. ಸಣ್ಣಸಣ್ಣ ಫೈಲುಗಳು ಲಕ್ಷಗಟ್ಟಲೆ ಇದ್ದರೆ ಸಾಗಾಟ ಆಮೆಯ ನಡಿಗೆಯಾಗುತ್ತದೆ. ಪ್ರತಿಯೊಂದಕ್ಕೂ ಬಾಗಿಲು ತೆರೆದು ಮುಚ್ಚಬೇಕಲ್ಲ! ಮುನ್ನೂರು ಪುಟದ ಸಾವಿರ ಪುಸ್ತಕ ಎಂದರೆ ಮೂರು ಲಕ್ಷ ಫೈಲು. ಅವನ್ನು ‘ಟಾರ್’ ಎಂಬ ಕ್ರಮದಲ್ಲಿ ಒಂದೇ ಕಟ್ಟಾಗಿ ಕಟ್ಟಿ ಕಳಿಸಿದರೆ ಬೇಗ ಹೋಗುತ್ತದೆ. ಹೀಗೆ ಕಟ್ಟಿದರೆ ಜಾಗ ಉಳಿಯುತ್ತದೆಂದು ಮಾತ್ರ ಎಣಿಸಬಾರದು. ಜೆಪೆಗ್ ಚಿತ್ರಗಳು ಮೊದಲೇ ಹಿಂಡಿದ ಕಬ್ಬಿನ ಸಿಪ್ಪೆ. ಇನ್ನೊಮ್ಮೆ ಗಾಣಕ್ಕೆ ಕೊಟ್ಟರೆ ರಸ ಬರುವುದಿಲ್ಲ. ಕಟ್ಟು ಕಟ್ಟಲು ಹಳೆಯ ಸರ್ವರಿನಲ್ಲಿ ಅಷ್ಟೇ ಖಾಲಿ ಜಾಗವೂ ಬೇಕು. ಆ ಕಟ್ಟನ್ನು ಎಲ್ಲರೂ ನೋಡುವ ಜಾಗದಲ್ಲಿ ‘ಬ್ಯಾಕಪ್’ ಎಂದು ಹೆಸರಿಟ್ಟು ಮರೆತು ಬಿಡುವವರಿದ್ದಾರೆ. ಮನೆಯವರ ಆಧಾರ್ ಪ್ರತಿ, ಜಮೀನಿನ ಪತ್ರ ಎಲ್ಲವೂ ಅದರಲ್ಲಿದ್ದರೆ, ಹೆಸರನ್ನು ಊಹಿಸಿದ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ಕೆಲಸ ತೀರಿದ ಕೂಡಲೇ ಅದನ್ನು ಅಳಿಸಬೇಕು.

ಕಟ್ಟು ಬಿಚ್ಚಿ ಎಣಿಸುವುದು

ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆಯ ಕಟ್ಟು ಬಂದಾಗ ಏನು ಮಾಡುತ್ತೇವೆ? ಮೇಲೆ ಬರೆದ ಸಂಖ್ಯೆಗೂ ಒಳಗಿನ ಸಂಖ್ಯೆಗೂ ತಾಳೆ ನೋಡದೆ ಯಾವ ಮೌಲ್ಯಮಾಪಕನೂ ಸಹಿ ಹಾಕುವುದಿಲ್ಲ. ಫೈಲಿನ ಸಾಗಾಟದಲ್ಲಿಯೂ ಹಾಗೆಯೇ. ಎಷ್ಟು ದೊಡ್ಡ ಕಟ್ಟಾದರೂ ಅದರಿಂದ 64 ಅಕ್ಷರಗಳ ಒಂದು ಗುರುತುಪಟ್ಟಿಯನ್ನು ತೆಗೆಯುವ ಲೆಕ್ಕವಿದೆ, ‘ಷಾ-256’ ಎನ್ನುತ್ತಾರೆ. ಒಳಗೆ ಒಂದು ಅಲ್ಪವಿರಾಮ ಆಚೀಚೆಯಾದರೂ ಗುರುತು ಪೂರ್ತಿ ಬದಲಾಗುತ್ತದೆ. ಹಳೆಯ ಸರ್ವರಿನಲ್ಲೊಮ್ಮೆ, ಹೊಸತರಲ್ಲೊಮ್ಮೆ ತೆಗೆದು ಹೋಲಿಸಿದರೆ ಮುಗಿಯಿತು. ಸರಳ ಕೆಲಸ. ಇದನ್ನು ಮಾಡದೆ ಹಳೆಯದನ್ನು ಅಳಿಸುವವನ ಧೈರ್ಯಕ್ಕೆ ನಾವು ಬೆರಗಾಗಬೇಕಷ್ಟೆ.

ಇದು ಬರಿಯ ಹೆದರಿಕೆಯಲ್ಲ. ಒಂದು ಕಾಲದಲ್ಲಿ ಲೋಕವೇ ಬಳಸುತ್ತಿದ್ದ ‘ಮೈಸ್ಪೇಸ್’ ಎಂಬ ತಾಣ, ಒಂದು ಸರ್ವರಿನಿಂದ ಇನ್ನೊಂದಕ್ಕೆ ಸರಕು ಸಾಗಿಸುವಾಗ ಹಳೆಯ ಹಾಡು, ಚಿತ್ರಗಳು ಕಳೆದುಹೋದವೆಂದು ತಾನೇ ಒಪ್ಪಿಕೊಂಡಿತು. 2019ರ ಮಾರ್ಚಿನಲ್ಲಿ ಸುದ್ದಿ ಹೊರಬಿದ್ದಾಗ, ಹೋದ ಹಾಡುಗಳು 5 ಕೋಟಿಗೂ ಮೇಲೆ ಎಂದು ಅಂದಾಜು ಮಾಡಿದರು. ಅಷ್ಟು ದೊಡ್ಡವರ ಪಾಡು ಹೀಗಾದರೆ ಮುತ್ತಜ್ಜಿಯ ಬೀಸುವ ಪದಕ್ಕೆ ಯಾರು ಜಾಮೀನು? ನಾಲ್ಕು ಲಕ್ಷ ಪುಸ್ತಕಗಳಿಗೆ ಆಶ್ರಯ ಕೊಟ್ಟ ಇಂಟರ್ನೆಟ್ ಆರ್ಕೈವ್ ಕೂಡ 2024ರ ಅಕ್ಟೋಬರಿನಲ್ಲಿ ದಾಳಿಗೆ ತುತ್ತಾಗಿ ಕೆಲವು ದಿನ ಮುಚ್ಚಿತ್ತು. ಆದುದರಿಂದ ಒಂದು ಸರ್ವರು ಸಾಲದು. ಎರಡು ಬೇರೆ ಊರಿನ ಸರ್ವರುಗಳಲ್ಲಿ ಒಂದೊಂದು ಪ್ರತಿ, ಮನೆಯ ಕಪಾಟಿನ ಡಿಸ್ಕಿನಲ್ಲಿ ಒಂದು ಪ್ರತಿ ಇರಬೇಕು. ನೇರ ರವಾನೆಯ ದಾರಿ ಗೊತ್ತಿದ್ದವನಿಗೆ ಎರಡನೆಯ ಪ್ರತಿ ಭಾರವಲ್ಲ. ರಾತ್ರಿ ಮಲಗುವಾಗ ಆಜ್ಞೆ ಕೊಟ್ಟರೆ ಬೆಳಿಗ್ಗೆ ಕಾಫಿಯ ಹೊತ್ತಿಗೆ ಆಗಿರುತ್ತದೆ.

ದೇವಣಿಯನ್ನು ಬರೆಯುವ ಬಗೆ

ಕನ್ನಡದವರಿಗೇ ವಿಶೇಷವಾದ ಒಂದು ತೊಡಕು ಉಳಿದಿದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲವಾದ್ದರಿಂದ ಇಲ್ಲಿ ತುಸು ನಿಲ್ಲಬೇಕು. ಫೈಲಿನ ಹೆಸರನ್ನು ನಾವು ಕನ್ನಡದಲ್ಲಿ ಬರೆಯುತ್ತೇವೆ, ಬರೆಯಲೂ ಬೇಕು. ಈಗ ರೂಢಿಯಲ್ಲಿರುವ ಯುನಿಕೋಡ್ ಬರವಣಿಗೆಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಜಾಗ ಸಾಕು. ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ದೇವಣಿ’ಯಲ್ಲಿ ದ, ಏತ್ವ, ವ, ಣ, ಗುಡಿಸು ಎಂದು ಐದು ಚಿಹ್ನೆಗಳಿವೆ, ಹದಿನೈದು ಬೈಟ್ ಆಯಿತು. ‘ಕಾಸರಗೋಡು’ ಇಪ್ಪತ್ತನಾಲ್ಕು. ಹೆಚ್ಚಿನ ಸರ್ವರುಗಳಲ್ಲಿ ಒಂದು ಹೆಸರಿಗೆ 255 ಬೈಟಿನ ಮಿತಿ. ಇಂಗ್ಲಿಷಿನವನಿಗೆ 255 ಅಕ್ಷರ. ನಮಗೆ ಎಂಬತ್ತೈದು ಚಿಹ್ನೆ. ‘ನಮ್ಮ ಮುತ್ತಜ್ಜಿಯವರು ಶ್ರಾವಣ ಮಾಸದಲ್ಲಿ ಹಾಡಿದ...’ ಎಂದು ಉದ್ದುದ್ದ ಹೆಸರಿಟ್ಟರೆ ಸಾಗುವಾಗ ಸರ್ವರು ಅದನ್ನು ತೆಗೆದುಕೊಳ್ಳಲು ಒಪ್ಪುವುದೇ ಇಲ್ಲ.

ಇನ್ನೊಂದು ವಿಚಿತ್ರವಿದೆ. ‘ದೇ’ಯಲ್ಲಿರುವ ಏತ್ವದ ದೀರ್ಘವನ್ನು ಕಂಪ್ಯೂಟರು ಒಂದೇ ಚಿಹ್ನೆಯೆಂದು ಬರೆಯಬಹುದು, ಇಲ್ಲವೇ ಎತ್ವಕ್ಕೆ ದೀರ್ಘದ ಗುರುತು ಸೇರಿಸಿ ಎರಡಾಗಿಯೂ ಬರೆಯಬಹುದು. ಎರಡನೆಯ ಬಗೆಯಲ್ಲಿ ‘ದೇವಣಿ’ ಹದಿನೆಂಟು ಬೈಟ್. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡು ಬೇರೆ ಊರು! ಆಪಲ್ ಕಂಪೆನಿಯ ಹಳೆಯ ಯಂತ್ರಗಳು ಎರಡನೆಯ ಬಗೆಯಲ್ಲಿ ಹೆಸರು ಇಡುತ್ತಿದ್ದವು. ಅಂತಹ ಯಂತ್ರದಿಂದ ಏರಿಸಿದ ಚಿತ್ರಗಳಿದ್ದರೆ ಆರ್-ಸಿಂಕ್ ‘ಇದು ಅಲ್ಲಿಲ್ಲ’ ಎಂದು ಎಣಿಸಿ ಒಂದೇ ಚಿತ್ರವನ್ನು ಎರಡೆರಡು ಸಲ ತಂದು ಹಾಕಬಹುದು.

ಹಾಗಾಗಿ ಸಾಗಿಸುವ ಕಟ್ಟಿನೊಳಗೆ ಫೈಲುಗಳಿಗೆ ಬರಿಯ ಸಂಖ್ಯೆಯ ಹೆಸರು ಕೊಟ್ಟು, ಇಂತಹ ಸಂಖ್ಯೆ ಎಂದರೆ ಇಂತಹ ಪುಸ್ತಕ, ಇಂತಹವರ ಹಾಡು, ಇಂತಹ ಊರು ಎಂದು ಶುದ್ಧ ಕನ್ನಡದಲ್ಲಿ ಒಂದು ಪಟ್ಟಿ ಬರೆದು ಅದನ್ನೂ ಜತೆಯಲ್ಲಿ ಕಳಿಸುವುದು ಕ್ಷೇಮ. ಪಟ್ಟಿಯಿಲ್ಲದ ಕಟ್ಟಿನ ಗತಿಯನ್ನು ಆ ಡಿಜಿಟಲ್ ಲೈಬ್ರರಿಯಲ್ಲೇ ಕಂಡಿದ್ದೇವೆ. ಅಲ್ಲಿ ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಲಿಪಿಯಲ್ಲಿ, ಕನ್ನಡ ಬಾರದವರು ಕಿವಿಗೆ ಬಿದ್ದಂತೆ ಬರೆದಂತೆ ಕಾಣುತ್ತದೆ. ಪುಸ್ತಕ ಅಲ್ಲಿಯೇ ಇದ್ದರೂ ಹೆಸರು ಹೇಳಿ ಕರೆದರೆ ಓಗೊಡುತ್ತಿರಲಿಲ್ಲ. ಬೆಂಗಳೂರಿನ ‘ಸಂಚಯ’ ಬಳಗದವರು ‘ಪುಸ್ತಕ ಸಂಚಯ’ ಎಂಬ ಹುಡುಕುಪುಟವನ್ನು ಕಟ್ಟಿ, ಆ ಲೈಬ್ರರಿಯ ಮತ್ತು ಉಸ್ಮಾನಿಯಾದ ಕನ್ನಡ ಪುಸ್ತಕಗಳ ಹೆಸರುಗಳನ್ನು ಹತ್ತು ಜನರ ಕೈಯಿಂದ ಒಂದೊಂದಾಗಿ ಕನ್ನಡ ಲಿಪಿಗೆ ತಂದರು. ಸರಕು ಯಂತ್ರದಿಂದ ಯಂತ್ರಕ್ಕೆ ದಾಟಿತು. ಹೆಸರುಗಳು ಮಾತ್ರ ಕನ್ನಡ ಬಲ್ಲವರ ಬೆರಳಿಗಾಗಿ ಕಾಯಬೇಕಾಯಿತು. ಈಗಲೂ ಆರ್ಕೈವಿನಲ್ಲಿ ಹುಡುಕಿದರೆ ಹೆಸರು ತಿದ್ದದ ಪುಸ್ತಕಗಳು ಸಿಗುತ್ತವೆ. ಬೇಸಗೆ ರಜೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಕುಳಿತ ಮಕ್ಕಳಿಗೆ ದಿನಕ್ಕೆ ಹತ್ತು ಹೆಸರು ತಿದ್ದಿ ಬರೆದಿಡಲು ಕೊಡಬಹುದೆಂದು ನಮಗೆ ಅನ್ನಿಸುತ್ತದೆ. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ.